ಗಿರಣಿಯ ಚೀಟಿ ಮತ್ತು ಬ್ರೌಸರಿನ ಕುಕೀ

ರಾಷ್ಟ್ರಧ್ವಜದ ಖಾದಿ ಬಟ್ಟೆ ನೇಯುವ ಊರೆಂದೂ ಮಡಿವಾಳೇಶ್ವರರ ಮಠವಿರುವ ಊರೆಂದೂ ಹೆಸರಾದ ಗರಗ ಧಾರವಾಡ ತಾಲೂಕಿನ ಒಂದು ಹೋಬಳಿ ಕೇಂದ್ರವೂ ಹೌದು. ಪಹಣಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಬೆಳೆವಿಮೆ, ವಿದ್ಯಾರ್ಥಿವೇತನ, ಕರೆಂಟ್ ಬಿಲ್ಲು ಎಂದು ಒಂದಲ್ಲ ಒಂದು ಕೆಲಸಕ್ಕೆ ಸುತ್ತಲಿನ ಹಳ್ಳಿಗಳ ಜನ ಇಂಥ ಊರಿನ ಸೇವಾ ಕೇಂದ್ರಗಳಿಗೂ ಝೆರಾಕ್ಸ್ ಅಂಗಡಿಗಳಿಗೂ ಬಂದುಹೋಗುವುದು ದಿನನಿತ್ಯದ ಮಾತು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಪಹಣಿಯನ್ನು ಗಣಕಕ್ಕೆ ಏರಿಸಿದ ಹೊಸದರಲ್ಲಿ ಅದನ್ನು ಪಡೆಯಲು ತಾಲೂಕು ಕಚೇರಿಯ ಕಿಟಕಿಯ ಮುಂದೆ ನಿಲ್ಲಬೇಕಿತ್ತು. ಈಗ ಆ ಕಿಟಕಿಯ ಜಾಗಕ್ಕೆ ಬ್ರೌಸರ್, ಅಂದರೆ ಜಾಲತಾಣಗಳನ್ನು ತೆರೆದು ತೋರಿಸುವ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್‌ನಂಥ ತಂತ್ರಾಂಶ ಬಂದು ಕುಳಿತಿದೆ.

ಈ ಹೊಸ ಕಿಟಕಿಯಲ್ಲಿ ಕೆಲಸ ನಿಂತಾಗ ಕೇಳಿಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ಸರ್ವರ್ ಡೌನ್ ಐತ್ರಿ’, ಅಂದರೆ ತಾಣವನ್ನು ನಡೆಸುವ ದೂರದ ಗಣಕ ಕೆಟ್ಟು ನಿಂತಿದೆ. ಎಷ್ಟೋ ಸಲ ಅದು ನಿಜವೇ ಆಗಿರುತ್ತದೆ. ಆದರೆ ಪಾಸ್‌ವರ್ಡ್ ಸರಿಯಿದ್ದರೂ ಲಾಗಿನ್ ಪುಟವೇ ಮತ್ತೆ ಮತ್ತೆ ಎದುರಾಗುವುದು, ಅರ್ಧ ಅರ್ಜಿ ತುಂಬುವಷ್ಟರಲ್ಲಿ ‘ಸೆಶನ್ ಮುಗಿದಿದೆ’ ಎಂಬ ಸಾಲು ಬರುವುದು, ಕ್ಯಾಪ್ಚಾ ಎಂಬ ಸೊಟ್ಟಂಬಟ್ಟ ಅಕ್ಷರಗಳನ್ನು ಇದ್ದಂತೆಯೇ ಹೊಡೆದರೂ ತಪ್ಪೆನ್ನುವುದು, ಒಬ್ಬರ ಅರ್ಜಿ ತೆರೆದಾಗ ಇನ್ನೊಬ್ಬರ ಹೆಸರು ಕಾಣುವುದು, ಖಾತೆಯಿಂದ ಹಣ ಹೋಗಿಯೂ ರಸೀದಿ ಬಾರದಿರುವುದು, ಇವುಗಳಲ್ಲಿ ಬಹುಪಾಲು ತೊಡಕುಗಳ ಬೇರು ಕುಸಿದು ಬಿದ್ದ ಸರ್ವರಿನಲ್ಲಿಲ್ಲ, ಕುಕೀ ಎಂಬ ಸಣ್ಣ ಚೀಟಿಯಲ್ಲಿದೆ. ಆ ಚೀಟಿ ಹಾಳಾಗಿರಬಹುದು, ಕಳೆದಿರಬಹುದು, ಅವಧಿ ಮೀರಿರಬಹುದು ಅಥವಾ ಬೇರೆಯವರದಾಗಿರಬಹುದು.

ಬ್ರೌಸರ್ ಮತ್ತು ಸರ್ವರ್ ಪರಸ್ಪರ ಮಾತನಾಡಲು ಬಳಸುವ ನಿಯಮಾವಳಿಗೆ ಎಚ್‌ಟಿಟಿಪಿ ಎಂದು ಹೆಸರು. ಅದರ ಮುಖ್ಯ ಗುಣ ಮರೆವು. ಪುಟ ಕೇಳಿದರೆ ಪುಟ ಕೊಟ್ಟು ಸರ್ವರ್ ಆ ವ್ಯವಹಾರವನ್ನು ಅಲ್ಲಿಗೇ ಮುಗಿಸುತ್ತದೆ. ಮರುಕ್ಷಣ ಅದೇ ಬ್ರೌಸರ್ ಇನ್ನೊಂದು ಪುಟ ಕೇಳಿದರೆ ಅದಕ್ಕೆ ಗುರುತು ಸಿಗುವುದಿಲ್ಲ. ಊರಿನ ಹಿಟ್ಟಿನ ಗಿರಣಿಯನ್ನು ನೆನೆದರೆ ಇದರ ಪರಿಹಾರವೂ ಹೊಳೆಯುತ್ತದೆ. ಜೋಳದ ಡಬ್ಬಿ ಇಟ್ಟುಹೋಗುವವರು ಹತ್ತಾರು ಮಂದಿ ಇರುವಾಗ, ಗಿರಣಿಯವನು ಎಲ್ಲರ ಮುಖ ನೆನಪಿಡುವ ಗೋಜಿಗೆ ಹೋಗದೆ, ಒಂದು ಅಂಕಿ ಬರೆದ ಚೀಟಿಯನ್ನು ಕೈಗಿತ್ತು, ಅದೇ ಅಂಕಿಯನ್ನು ತನ್ನ ವಹಿಯಲ್ಲಿ ಬರೆದು, ಅದರ ಮುಂದೆ ಎಷ್ಟು ಸೇರು, ನುಣ್ಣಗೋ ತರಿಯೋ, ಹಣ ಸಂದಿದೆಯೋ ಇಲ್ಲವೋ ಎಂದು ಟಿಪ್ಪಣಿ ಮಾಡಿಕೊಂಡರೆ ಸಾಕು. ಚೀಟಿಯಲ್ಲಿ ಅಂಕಿಯ ಹೊರತು ಮತ್ತೇನೂ ಇರುವುದಿಲ್ಲ, ವಿವರವೆಲ್ಲ ವಹಿಯಲ್ಲಿರುತ್ತದೆ. ಸರ್ವರ್ ಹೀಗೆ ಬರೆದು ಕೊಡುವ ಚೀಟಿಯೇ ಕುಕೀ, ಅದರ ವಹಿಯಲ್ಲಿನ ಆ ಪುಟವೇ ಸೆಶನ್. ಬ್ರೌಸರ್ ಆ ತಾಣಕ್ಕೆ ಹೋದಾಗಲೆಲ್ಲ, ಯಾರೂ ಹೇಳದೆಯೇ, ಚೀಟಿಯನ್ನು ಮುಂದೆ ಹಿಡಿಯುತ್ತದೆ.

ಈ ಏರ್ಪಾಡನ್ನು 1994ರಲ್ಲಿ ರೂಪಿಸಿದವನು ಅಮೆರಿಕದ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ. ಜಾಲದ ಮೇಲೆ ಅಂಗಡಿ ತೆರೆಯಬಯಸಿದ ಒಬ್ಬ ಗ್ರಾಹಕನಿಗೆ, ಕೊಳ್ಳುವವರ ಬುಟ್ಟಿಯಲ್ಲಿ ಏನಿದೆ ಎಂಬ ಲೆಕ್ಕವನ್ನು ತನ್ನ ಸರ್ವರಿನಲ್ಲಿ ಹೊರುವುದು ಬೇಡವಾಗಿತ್ತು. ಹಾಗಾದರೆ ಆ ಲೆಕ್ಕ ಕೊಳ್ಳುವವರ ಗಣಕದಲ್ಲೇ ಇರಲಿ ಎಂಬ ಯೋಚನೆಯಿಂದ ಇದು ಹುಟ್ಟಿತು; ಲೆಕ್ಕವನ್ನು ವಹಿಯಲ್ಲಿಟ್ಟು ಚೀಟಿಯಲ್ಲಿ ಅಂಕಿಯನ್ನಷ್ಟೇ ಬರೆಯುವುದು ಈಗಿನ ಸಾಮಾನ್ಯ ರೂಢಿ. ಯುನಿಕ್ಸ್ ಗಣಕಗಳ ಜಗತ್ತಿನಲ್ಲಿ ಒಂದು ತಂತ್ರಾಂಶ ಇನ್ನೊಂದಕ್ಕೆ ಒಗಟಿನಂತೆ ದಾಟಿಸುವ ತುಣುಕು ಮಾಹಿತಿಗೆ ‘ಮ್ಯಾಜಿಕ್ ಕುಕೀ’ ಎನ್ನುವ ರೂಢಿಯಿತ್ತು. ಹೆಸರು ಅಲ್ಲಿಂದ ಬಂತೇ ಹೊರತು ತಿನ್ನುವ ಬಿಸ್ಕತ್ತಿಗೂ ಇದಕ್ಕೂ ನೇರ ನಂಟಿಲ್ಲ. ಆ ಚೀಟಿಯ ಹಿಂದಿನ ಒಂದು ಊಹೆಯನ್ನು ಮಾತ್ರ ಗಮನಿಸಬೇಕು: ಒಂದು ಬ್ರೌಸರ್ ಎಂದರೆ ಒಬ್ಬ ಮನುಷ್ಯ. ಮನೆಗೊಂದು, ಮೇಜಿಗೊಂದು ಗಣಕವಿದ್ದ ನಾಡಿನಲ್ಲಿ ಹುಟ್ಟಿದ ಆ ಊಹೆ ಅಲ್ಲಿ ಹೆಚ್ಚೂಕಡಿಮೆ ನಡೆಯಿತು; ಗರಗದಂಥ ಊರಿನಲ್ಲಿ, ಒಂದೇ ಬ್ರೌಸರಿನ ಮುಂದೆ ಬೆಳಗಿನಿಂದ ಸಂಜೆಯವರೆಗೆ ಮೂವತ್ತು ನಲವತ್ತು ಮಂದಿಯ ಕಾಗದಪತ್ರ ಸಾಗುವಲ್ಲಿ, ಅದು ಗಂಟೆಗೊಮ್ಮೆ ಮುರಿದು ಬೀಳುತ್ತದೆ. ಕುಕೀಯ ತೊಡಕುಗಳನ್ನು ಬಿಡಿಸಲು ಹೊರಟವರು ಮೊದಲು ತಿಳಿಯಬೇಕಾದುದು ಈ ಮುರುಕನ್ನೇ.

ಚೀಟಿಯನ್ನು ಕಣ್ಣಾರೆ ಕಾಣುವುದು ಕಷ್ಟವಲ್ಲ. ಗಣಕದ ಕ್ರೋಮ್‌ನಲ್ಲಿ ಯಾವುದಾದರೂ ತಾಣಕ್ಕೆ ಲಾಗಿನ್ ಆಗಿ, ಕೀಲಿಮಣೆಯ ಮೇಲುಸಾಲಿನ ಎಫ್12 ಕೀಲಿ ಒತ್ತಿ, ತೆರೆದ ಫಲಕದಲ್ಲಿ ‘ಅಪ್ಲಿಕೇಶನ್’ ಎಂಬಲ್ಲಿಗೆ ಹೋಗಿ ‘ಕುಕೀಸ್’ ಮೇಲೆ ಒತ್ತಿದರೆ ಒಂದು ಕೋಷ್ಟಕ ಕಾಣುತ್ತದೆ. ಮೊದಲ ಅಂಕಣದಲ್ಲಿ ಚೀಟಿಯ ಹೆಸರಿರುತ್ತದೆ, ಆ ಹೆಸರಿನಿಂದಲೇ ತಾಣವನ್ನು ಯಾವ ತಂತ್ರಜ್ಞಾನದಲ್ಲಿ ಕಟ್ಟಿದ್ದಾರೆಂದು ಊಹಿಸಬಹುದು: ‘ಜೆಸೆಶನ್‌ಐಡಿ’ ಎಂದಿದ್ದರೆ ಜಾವಾ, ‘ಪಿಎಚ್‌ಪಿಸೆಸ್‌ಐಡಿ’ ಎಂದಿದ್ದರೆ ಪಿಎಚ್‌ಪಿ, ‘ಎಎಸ್‌ಪಿ ಡಾಟ್ ನೆಟ್ ಸೆಶನ್‌ಐಡಿ’ ಎಂದಿದ್ದರೆ ಮೈಕ್ರೋಸಾಫ್ಟ್‌ನ ಸಲಕರಣೆ. ಎರಡನೆಯ ಅಂಕಣದಲ್ಲಿ ‘ವ್ಯಾಲ್ಯೂ’, ಅಂದರೆ ಚೀಟಿಯ ಮೇಲೆ ಬರೆದ ಗುರುತು. ಮೈಕ್ರೋಸಾಫ್ಟ್ ಮಾದರಿಯ ಚೀಟಿಯಾದರೆ ಅದು ಅಕ್ಷರ, ಅಂಕಿ ಕಲಸಿದ 24 ಚಿಹ್ನೆಗಳ ಅರ್ಥವಿಲ್ಲದ ಒಂದು ಸಾಲು, ಅಷ್ಟೆ. ಆಧಾರ್ ಸಂಖ್ಯೆ, ಹೆಸರು, ಸರ್ವೆ ನಂಬರು ಯಾವುದೂ ಅದರಲ್ಲಿಲ್ಲ. ಆದರೂ ಆ 24 ಚಿಹ್ನೆ ಯಾರ ಕೈಗೆ ಸಿಕ್ಕಿತೋ ಅವರೇ ಆ ಹೊತ್ತಿಗೆ ಸರ್ವರಿನ ಪಾಲಿಗೆ ಅರ್ಜಿದಾರರು.

ಮುಂದಿನ ಅಂಕಣಗಳು ಆ ಚೀಟಿ ಎಲ್ಲಿ ನಡೆಯುತ್ತದೆ, ಎಷ್ಟು ಹೊತ್ತು ನಡೆಯುತ್ತದೆ ಎಂಬುದನ್ನು ಹೇಳುತ್ತವೆ. ‘ಡೊಮೇನ್’ ಎಂದರೆ ಚೀಟಿ ಕೊಟ್ಟ ತಾಣದ ವಿಳಾಸ. ಒಂದು ಗಿರಣಿಯ ಚೀಟಿ ಇನ್ನೊಂದರಲ್ಲಿ ನಡೆಯದಂತೆ, ಬ್ರೌಸರ್ ಇದನ್ನು ಬೇರೆ ತಾಣಕ್ಕೆ ತೋರಿಸುವುದಿಲ್ಲ. ‘ಎಕ್ಸ್‌ಪೈರ್ಸ್’ ಎಂಬುದು ಅವಧಿ. ಅಲ್ಲಿ ತಾರೀಖಿನ ಬದಲು ‘ಸೆಶನ್’ ಎಂದಿದ್ದರೆ ಬ್ರೌಸರ್ ಮುಚ್ಚಿದಾಗ ಚೀಟಿ ಹರಿದುಹೋಗಬೇಕು ಎಂದರ್ಥ. ‘ಸೆಕ್ಯೂರ್’ ಗುರುತಿದ್ದರೆ ಗುಪ್ತಲಿಪಿಯಲ್ಲಿ ಸಾಗುವ ಸಂಪರ್ಕದಲ್ಲಿ ಮಾತ್ರ ಚೀಟಿ ಹೊರಬೀಳುತ್ತದೆ. 2011ರ ಏಪ್ರಿಲ್‌ನಲ್ಲಿ ಪ್ರಕಟವಾದ ಆರ್‌ಎಫ್‌ಸಿ 6265 ಎಂಬ ಅಂತರಜಾಲ ನಿಯಮ ಪತ್ರ ಬ್ರೌಸರ್‌ಗಳು ಒಂದೊಂದು ಕುಕೀಗೆ ಕನಿಷ್ಠ 4,096 ಬೈಟ್, ಒಂದೊಂದು ತಾಣಕ್ಕೆ ಕನಿಷ್ಠ 50 ಕುಕೀಗಳಷ್ಟಾದರೂ ಜಾಗ ಕೊಡಬೇಕೆಂದು ಹೇಳುತ್ತದೆ. ಬೇರೆಯವರ ಎದುರು ಈ ಕೋಷ್ಟಕ ತೆರೆಯುವುದಾಗಲಿ, ಫೋನಿನಲ್ಲಿ ಯಾರೋ ಕೇಳಿದರೆಂದು ಆ ಸಾಲನ್ನು ಓದಿ ಹೇಳುವುದಾಗಲಿ ಮಾಡಬಾರದೆಂಬುದನ್ನು ಪ್ರತ್ಯೇಕ ಹೇಳಬೇಕಾಗಿಲ್ಲ.

ಚೀಟಿಯ ಅವಧಿ ಬೇರೆ, ವಹಿಯಲ್ಲಿನ ನಮೂದಿನ ಅವಧಿ ಬೇರೆ ಎಂಬುದೇ ‘ಸೆಶನ್ ಔಟ್’ ಆಗುವ ಗುಟ್ಟು. ತಾಣ ಕಟ್ಟಿದವರು ವಿಶೇಷವಾಗಿ ಏನನ್ನೂ ಬದಲಿಸದಿದ್ದರೆ, ಮೈಕ್ರೋಸಾಫ್ಟ್‌ನ ಏರ್ಪಾಡಿನಲ್ಲಿ ಸೆಶನ್ನಿನ ಆಯುಷ್ಯ 20 ನಿಮಿಷ. ಪಿಎಚ್‌ಪಿಯಲ್ಲಿ 1,440 ಸೆಕೆಂಡ್, ಅಂದರೆ 24 ನಿಮಿಷ. ಜಾವಾ ತಾಣಗಳನ್ನು ನಡೆಸುವ ಟಾಮ್‌ಕ್ಯಾಟ್‌ನಲ್ಲಿ 30 ನಿಮಿಷ. ಈ ನಿಮಿಷಗಳನ್ನು ಎಣಿಸುವುದು ಸರ್ವರಿಗೆ ಕೊನೆಯ ಕೋರಿಕೆ ತಲುಪಿದ ಕ್ಷಣದಿಂದ. ಅರ್ಜಿಯ ಖಾನೆಗಳನ್ನು ತುಂಬುತ್ತ ಬೆರಳು ಎಷ್ಟು ಚುರುಕಾಗಿ ಓಡಿದರೂ, ‘ಮುಂದೆ’ ಅಥವಾ ‘ಉಳಿಸು’ ಗುಂಡಿ ಒತ್ತುವವರೆಗೆ ಸಾಮಾನ್ಯವಾಗಿ ಸರ್ವರಿಗೆ ಏನೂ ಮುಟ್ಟುವುದಿಲ್ಲ. ಅದರ ಮಟ್ಟಿಗೆ ಈಚೆ ಕುಳಿತವರು ಎದ್ದುಹೋಗಿದ್ದಾರೆ. ಸೇವಾ ಕೇಂದ್ರದ ಮೇಜಿನ ಮೇಲೆ ಇದು ಹೇಗೆ ಕಾಣುತ್ತದೆಂಬುದನ್ನು ಬಿಡಿಸಿ ನೋಡಬಹುದು. ಅರ್ಜಿಗೆ ಬೇಕಾದ ಓಟಿಪಿ ಆಧಾರ್‌ಗೆ ಜೋಡಿಸಿದ ಫೋನಿಗೆ ಬರುತ್ತದೆ, ಆ ಫೋನು ಹೊಲದಲ್ಲಿರುವ ಮಗನ ಕಿಸೆಯಲ್ಲಿದೆ, ಮಗನಿಗೆ ಕರೆ ಹೋಗಿ, ಅವನು ಸಂದೇಶ ತೆರೆದು ಆರು ಅಂಕಿಗಳನ್ನು ಒಂದೊಂದಾಗಿ ಓದಿ ಹೇಳುವಷ್ಟರಲ್ಲಿ, ಇತ್ತ ರೇಷನ್ ಕಾರ್ಡಿನ ಸಂಖ್ಯೆ ಅಳಿಸಿಹೋಗಿದೆಯೆಂದು ಚೀಲ ಹುಡುಕುವಷ್ಟರಲ್ಲಿ 20 ನಿಮಿಷ ಕಳೆದಿರುತ್ತದೆ. ಗುಂಡಿ ಒತ್ತಿದಾಗ ಬ್ರೌಸರ್ ಚೀಟಿಯನ್ನೇನೋ ತೋರಿಸುತ್ತದೆ, ವಹಿಯಲ್ಲಿ ಆ ನಮೂದಿಗೆ ಗೆರೆ ಬಿದ್ದಿರುತ್ತದೆ. ಇಲ್ಲಿ ಬ್ರೌಸರಿನ ಯಾವ ಸೆಟ್ಟಿಂಗ್ ಬದಲಿಸಿದರೂ ಪ್ರಯೋಜನವಿಲ್ಲ. ಕಾಗದಗಳನ್ನೆಲ್ಲ ಮೊದಲೇ ಮೇಜಿನ ಮೇಲೆ ಹರಡಿಕೊಂಡು, ಫೋನು ಯಾರ ಬಳಿಯಿದೆಯೆಂದು ಕೇಳಿಕೊಂಡು, ಆಮೇಲೆ ಲಾಗಿನ್ ಆಗುವುದೇ ದಾರಿ. ತಾತ್ಕಾಲಿಕವಾಗಿ ಉಳಿಸುವ ಗುಂಡಿ ತಾಣದಲ್ಲಿದ್ದರೆ ಅದನ್ನು ಆಗಾಗ ಒತ್ತುತ್ತಿದ್ದರೆ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಕ್ಯಾಪ್ಚಾದ ಗೋಜಲಿಗೂ ಇದೇ ವಹಿ ಕಾರಣ. ತೆರೆಯ ಮೇಲಿನ ಅಕ್ಷರಗಳ ಸರಿಯುತ್ತರವನ್ನು ಹಲವು ತಾಣಗಳು ಸೆಶನ್ನಿನ ನಮೂದಿನಲ್ಲಿ ಬರೆದಿಟ್ಟುಕೊಳ್ಳುತ್ತವೆ. ಒಂದೇ ತಾಣವನ್ನು ಎರಡು ಟ್ಯಾಬ್‌ಗಳಲ್ಲಿ ತೆರೆದರೆ ಎರಡಕ್ಕೂ ಚೀಟಿ ಒಂದೇ ಆದ್ದರಿಂದ, ಎರಡನೆಯ ಟ್ಯಾಬಿನ ಹೊಸ ಉತ್ತರ ಮೊದಲನೆಯದನ್ನು ಅಳಿಸಿ ಕೂರುತ್ತದೆ. ಆಗ ಮೊದಲ ಟ್ಯಾಬಿನಲ್ಲಿ ಎಷ್ಟು ಎಚ್ಚರದಿಂದ ಹೊಡೆದರೂ ಉತ್ತರ ತಪ್ಪೇ. ಸಮಯ ಉಳಿಸಲೆಂದು ಇಬ್ಬರ ಅರ್ಜಿಯನ್ನು ಅಕ್ಕಪಕ್ಕದ ಟ್ಯಾಬ್‌ಗಳಲ್ಲಿ ತೆರೆಯುವ ಅಭ್ಯಾಸ ಇದಕ್ಕಿಂತ ದೊಡ್ಡ ಅನಾಹುತಕ್ಕೂ ದಾರಿ ಮಾಡಬಲ್ಲದು: ಎರಡನೆಯವರ ಹೆಸರಿನಲ್ಲಿ ಲಾಗಿನ್ ಆದ ಕೂಡಲೇ ಚೀಟಿಯೂ ಎರಡನೆಯವರದಾಗಿ, ಮೊದಲ ಟ್ಯಾಬಿನಲ್ಲಿ ತುಂಬಿದ ಜಮೀನಿನ ವಿವರ ಎರಡನೆಯವರ ಖಾತೆಗೆ ಹೋಗಿ ಸೇರಬಹುದು. ಟ್ಯಾಬ್ ಬೇರೆಯಾದರೆ ಮನುಷ್ಯನೂ ಬೇರೆ ಎಂಬುದು ಕುಳಿತವರ ಎಣಿಕೆ; ಬ್ರೌಸರಿಗೆ ಆ ಎಣಿಕೆಯಿಲ್ಲ. ಇಬ್ಬರ ಕೆಲಸ ಏಕಕಾಲಕ್ಕೆ ನಡೆಯಲೇಬೇಕಾದರೆ ಎರಡು ಬೇರೆ ಬ್ರೌಸರ್‌ಗಳನ್ನು, ಇಲ್ಲವೇ ಒಂದೇ ಬ್ರೌಸರಿನ ಎರಡು ಪ್ರೊಫೈಲ್‌ಗಳನ್ನು ಬಳಸಬೇಕು. ಪ್ರೊಫೈಲ್ ಎಂದರೆ ತನ್ನದೇ ಚೀಟಿಗಳ ಡಬ್ಬಿಯನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುವ ಕೋಣೆ.

ಕೆಲಸ ಮುಗಿದ ಮೇಲಿನ ತಪ್ಪು ತಿಳಿವಳಿಕೆಯೂ ವ್ಯಾಪಕವಾಗಿದೆ. ಟ್ಯಾಬ್ ಮುಚ್ಚಿದರೆ ವ್ಯವಹಾರ ಮುಗಿಯಿತೆಂದು ತಿಳಿಯುವವರೇ ಹೆಚ್ಚು, ಬ್ರೌಸರನ್ನೇ ಮುಚ್ಚಿದರೆ ಮುಗಿಯಿತೆಂಬುದು ಇನ್ನು ಕೆಲವರ ಭರವಸೆ. ಕ್ರೋಮ್‌ನ ಸೆಟ್ಟಿಂಗಿನಲ್ಲಿ ‘ನಿಲ್ಲಿಸಿದ ಕಡೆಯಿಂದ ಮುಂದುವರಿಸು’ ಎಂಬರ್ಥದ ಆಯ್ಕೆಯೊಂದಿದೆ. ಅದನ್ನು ಆರಿಸಿದ್ದರೆ, ಮುಚ್ಚಿದಾಗ ಹರಿದುಹೋಗಬೇಕಿದ್ದ ಸೆಶನ್ ಚೀಟಿಗಳೂ ಬ್ರೌಸರನ್ನು ಮತ್ತೆ ತೆರೆದಾಗ ಜೀವ ಪಡೆಯುತ್ತವೆ, ಹಿಂದಿನವರ ಖಾತೆ ಮುಂದಿನವರ ಕಣ್ಣೆದುರು ತೆರೆದುಕೊಳ್ಳುತ್ತದೆ. ಇತ್ತ ಚೀಟಿಯನ್ನು ಸುಟ್ಟರೂ ಅತ್ತ ವಹಿಯಲ್ಲಿನ ನಮೂದು ತನ್ನ ಅವಧಿ ಮುಗಿಯುವವರೆಗೆ ಉಳಿದೇ ಇರುತ್ತದೆ ಎಂಬುದು ಇನ್ನೂ ಸೂಕ್ಷ್ಮವಾದ ಸಂಗತಿ. ನಮೂದಿಗೆ ಗೆರೆ ಎಳೆಸುವ ಕೆಲಸ ಮಾಡುವುದು ‘ಲಾಗೌಟ್’ ಗುಂಡಿ. ಆದ್ದರಿಂದ ಕ್ರಮ ಹೀಗಿರಬೇಕು: ಮೊದಲು ಲಾಗೌಟ್, ಆಮೇಲೆ ಅಳಿಸುವ ಮಾತು. ಹಲವರು ಬಳಸುವ ಗಣಕದಲ್ಲಿ ಕ್ರೋಮ್‌ನ ‘ಗೆಸ್ಟ್’ ಕಿಟಕಿಯಲ್ಲೇ ಕೆಲಸ ಮಾಡಿದರೆ ಅದನ್ನು ಮುಚ್ಚಿದೊಡನೆ ಅದರ ಚೀಟಿಗಳೆಲ್ಲ ಅಳಿದುಹೋಗುವುದರಿಂದ ಅರ್ಧ ತಲೆನೋವು ಅಲ್ಲಿಗೇ ಇಳಿಯುತ್ತದೆ.

ತೊಡಕು ಕುಕೀಯದೋ ಅಲ್ಲವೋ ಎಂದು ಪತ್ತೆ ಹಚ್ಚಲು ಇರುವ ಅತ್ಯಂತ ಅಗ್ಗದ ಪರೀಕ್ಷೆಯೂ ಈ ಗೆಸ್ಟ್ ಕಿಟಕಿಯ ನೆರೆಹೊರೆಯದೇ. ಕಂಟ್ರೋಲ್, ಶಿಫ್ಟ್, ಎನ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕ್ರೋಮ್‌ನಲ್ಲಿ ಇನ್‌ಕಾಗ್ನಿಟೊ, ಅಂದರೆ ಅಜ್ಞಾತ ಕಿಟಕಿ ತೆರೆಯುತ್ತದೆ. ಅದು ಹಳೆಯ ಚೀಟಿಗಳಿಲ್ಲದ ಬರಿಗೈಯಿಂದ ಆರಂಭವಾಗುತ್ತದೆ. ಸಾಮಾನ್ಯ ಕಿಟಕಿಯಲ್ಲಿ ಒಳಬಿಡದ ತಾಣ ಇಲ್ಲಿ ಒಳಬಿಟ್ಟರೆ ಸರ್ವರ್ ನೆಟ್ಟಗಿದೆ, ಹಳೆಯ ಚೀಟಿಯೋ ಬ್ರೌಸರಿಗೆ ಸೇರಿಸಿಕೊಂಡ ಯಾವುದೋ ಎಕ್ಸ್‌ಟೆನ್ಶನ್ನೋ ಕಾಟ ಕೊಡುತ್ತಿದೆ ಎಂದು ತೀರ್ಮಾನಿಸಬಹುದು. ಇಲ್ಲಿಯೂ ಅದೇ ಗೋಳಾದರೆ ಕುಕೀಯನ್ನು ದೂರಿ ಫಲವಿಲ್ಲ, ‘ಸರ್ವರ್ ಡೌನ್’ ಎಂಬ ಮಾತಿಗೆ ಆಗ ಆಧಾರ ಸಿಕ್ಕಂತಾಯಿತು. ಅಜ್ಞಾತ ಕಿಟಕಿಯ ಹೆಸರು ಕೇಳಿ ಅದು ಮನುಷ್ಯನನ್ನೇ ಅಡಗಿಸುತ್ತದೆಂದು ತಿಳಿಯುವವರಿದ್ದಾರೆ; ತಾಣಕ್ಕೂ ಇಂಟರ್ನೆಟ್ ಒದಗಿಸುವವರಿಗೂ ಎಲ್ಲವೂ ಎಂದಿನಂತೆಯೇ ಕಾಣುತ್ತಿರುತ್ತದೆ.

ಚೀಟಿ ಕೆಟ್ಟಿದೆ ಎಂದು ಖಚಿತವಾದ ಮೇಲೂ ಎಲ್ಲವನ್ನೂ ಗುಡಿಸಿ ಹಾಕುವ ಅವಸರ ಬೇಡ. ‘ಹಿಸ್ಟರಿ ತೆಗೀರಿ, ಸರಿ ಆಗ್ತದ’ ಎಂಬ ಸಲಹೆ ಊರೂರಲ್ಲಿ ಓಡಾಡುತ್ತದೆ. ಆದರೆ ಹಿಸ್ಟರಿ ಎಂದರೆ ನೋಡಿದ ಪುಟಗಳ ಪಟ್ಟಿ ಮಾತ್ರ, ಅದನ್ನು ಅಳಿಸಿದರೆ ಚೀಟಿಗೆ ಏನೂ ಆಗುವುದಿಲ್ಲ. ಕಂಟ್ರೋಲ್, ಶಿಫ್ಟ್, ಡಿಲೀಟ್ ಒತ್ತಿದಾಗ ತೆರೆಯುವ ಪೆಟ್ಟಿಗೆಯಲ್ಲಿ ಹಿಸ್ಟರಿ, ಕುಕೀ, ಕ್ಯಾಶ್ ಎಂದು ಬೇರೆ ಬೇರೆ ಸಾಲುಗಳಿರುವುದು ಇದಕ್ಕೇ. ಕ್ಯಾಶ್ ಎಂದರೆ ಪುಟದ ಚಿತ್ರ, ವಿನ್ಯಾಸಗಳ ನಕಲನ್ನು ಮತ್ತೆ ಮತ್ತೆ ಇಳಿಸಿಕೊಳ್ಳಬೇಕಾಗದಂತೆ ಬ್ರೌಸರ್ ತೆಗೆದಿಡುವ ಉಗ್ರಾಣ; ಕನ್ನಡದ ಕಿವಿಗೆ ಅದಕ್ಕೂ ರೊಕ್ಕಕ್ಕೂ ಒಂದೇ ಉಚ್ಚಾರವಾದ್ದರಿಂದ, ‘ಕ್ಯಾಶ್ ಕ್ಲಿಯರ್ ಮಾಡಿ’ ಎಂಬ ಸಹಾಯವಾಣಿಯ ಮಾತು ಬಾಕಿ ತೀರಿಸಲು ಹೇಳಿದಂತೆ ಕೇಳಿಸಿದರೆ ತಪ್ಪು ಕೇಳಿದವರದಲ್ಲ. ಪುಟ ಹಳೆಯದೇ ಕಾಣುತ್ತಿದ್ದರೆ, ಗುಂಡಿಗಳು ಚದುರಿಹೋಗಿದ್ದರೆ ಕ್ಯಾಶ್ ಅನ್ನು ಶಂಕಿಸಬೇಕು. ಗುರುತು ಸಿಗದಿದ್ದರೆ, ಲಾಗಿನ್ ನಿಲ್ಲದಿದ್ದರೆ ಕುಕೀಯನ್ನು. ಸೇವಾ ಕೇಂದ್ರದ ಗಣಕದಲ್ಲಿ ಎಲ್ಲ ಕುಕೀಗಳನ್ನು ಒಮ್ಮೆಲೇ ಅಳಿಸಿದರೆ ಇಪ್ಪತ್ತು ತಾಣಗಳಲ್ಲಿ ಕಷ್ಟಪಟ್ಟು ಆದ ಲಾಗಿನ್ ಹೋಗುತ್ತದೆ, ‘ಇದು ಪರಿಚಿತ ಯಂತ್ರ’ ಎಂಬ ಬ್ಯಾಂಕಿನ ಗುರುತೂ ಹೋಗುತ್ತದೆ.

ಕೆಟ್ಟ ತಾಣದ ಚೀಟಿಯನ್ನಷ್ಟೇ ತೆಗೆಯುವ ದಾರಿ ಹತ್ತಿರದಲ್ಲೇ ಇದೆ. ಕ್ರೋಮ್‌ನಲ್ಲಿ ವಿಳಾಸದ ಎಡಕ್ಕಿರುವ ಗುರುತು ಮೊದಲು ಬೀಗದ ಆಕಾರದಲ್ಲಿತ್ತು, 2023ರಿಂದ ಎರಡು ಗೆರೆಗಳ ಮೇಲೆ ಎರಡು ಗುಂಡುಗಳಂತೆ ಕಾಣುತ್ತದೆ. ಅದನ್ನು ಒತ್ತಿ, ಕುಕೀ ಮತ್ತು ಸೈಟ್ ಡೇಟಾ ಎಂಬಲ್ಲಿಗೆ ಹೋಗಿ, ಆ ತಾಣದ ಎದುರಿನ ಕಸದ ಬುಟ್ಟಿ ಒತ್ತಿದರೆ ಆಯಿತು. ಫೈರ್‌ಫಾಕ್ಸ್‌ನಲ್ಲಿ ಬೀಗವೇ ಈ ಬಾಗಿಲು. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಮೂರು ಚುಕ್ಕಿ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ಎಲ್ಲ ಸೈಟ್‌ಗಳು ಎಂಬ ಹಾದಿ ಹಿಡಿದು ತಾಣದ ಹೆಸರು ಹುಡುಕಬೇಕಾಗುತ್ತದೆ. ಅಳಿಸಿದ ಮೇಲೆ ಆ ತಾಣದ ಎಲ್ಲ ಟ್ಯಾಬ್‌ಗಳನ್ನೂ ಮುಚ್ಚಿ ಹೊಸದಾಗಿ ತೆರೆಯುವುದನ್ನು ಮರೆತರೆ, ಹಳೆಯ ಟ್ಯಾಬ್ ಹಳೆಯ ಲೆಕ್ಕದಲ್ಲೇ ನಡೆದು ಗೊಂದಲವನ್ನು ಮತ್ತೆ ತಂದೀತು.

ಗಡಿಯಾರದ ಮಾತು ಚಿಕ್ಕದು, ಆದರೆ ಹಳೆಯ ಗಣಕಗಳಿರುವ ಕಡೆ ಬಿಡಲಾಗದ್ದು. ಮದರ್‌ಬೋರ್ಡಿನಲ್ಲಿರುವ ನಾಣ್ಯದಾಕಾರದ ಸೆಲ್ ಸತ್ತರೆ, ಕರೆಂಟ್ ಹೋಗಿ ಬಂದಾಗಲೆಲ್ಲ ಗಣಕ ಎಷ್ಟೋ ವರ್ಷ ಹಿಂದಿನ ತಾರೀಖಿಗೆ ಹೋಗಿ ನಿಲ್ಲುತ್ತದೆ. ಚೀಟಿಯ ಅವಧಿ ಮುಗಿಯಿತೇ ಎಂದು ಬ್ರೌಸರ್ ಅಳೆಯುವುದೂ, ತಾಣದ ಸುರಕ್ಷತಾ ಪ್ರಮಾಣಪತ್ರ ಚಾಲ್ತಿಯಲ್ಲಿದೆಯೇ ಎಂದು ನೋಡುವುದೂ ಇದೇ ಗಡಿಯಾರದಿಂದ. ಕೆಳಮೂಲೆಯ ತಾರೀಖು ಸರಿಪಡಿಸಿ, ಕೆಲವೇ ರೂಪಾಯಿಯ ಸೆಲ್ ಹಾಕಿಸಿದರೆ ದಿನಗಟ್ಟಲೆಯ ಪರದಾಟ ನಿಲ್ಲುತ್ತದೆ. ಇನ್ನು ‘400 ಬ್ಯಾಡ್ ರಿಕ್ವೆಸ್ಟ್’ ಎಂಬ ಶೀರ್ಷಿಕೆಯಡಿ ಕುಕೀ ತೀರಾ ದೊಡ್ಡದಾಗಿದೆಯೆಂಬ ಸಂದೇಶ ಬಂದರೆ, ಒಂದೇ ವಿಳಾಸದಡಿ ಚೀಟಿಗಳು ಗುಡ್ಡೆಬಿದ್ದು, ಸುಮಾರು 8 ಕಿಲೋಬೈಟ್‌ವರೆಗೆ ಮಾತ್ರ ತೆಗೆದುಕೊಳ್ಳುವ ಸರ್ವರಿನ ಗಂಟಲಲ್ಲಿ ಸಿಕ್ಕಿಬಿದ್ದಿವೆ ಎಂದರ್ಥ; ಆ ತಾಣದ ಕುಕೀ ಅಳಿಸುವುದೊಂದೇ ಮದ್ದು.

ಹಣದ ವ್ಯವಹಾರದಲ್ಲಿ ಬರುವ ತೊಡಕು ಇವೆಲ್ಲಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸುವಂಥದ್ದು. ಶುಲ್ಕ ಕಟ್ಟುವಾಗ ಅರ್ಜಿಯ ತಾಣ ಪೇಮೆಂಟ್ ಗೇಟ್‌ವೇ ಎಂಬ ಬೇರೊಂದು ತಾಣಕ್ಕೆ ಬ್ರೌಸರನ್ನು ಕಳಿಸುತ್ತದೆ. ಅಲ್ಲಿ ಹಣ ಸಂದಾಯವಾದ ಮೇಲೆ ಆ ತಾಣ ಬ್ರೌಸರನ್ನು ಮೊದಲಿನ ಮನೆಗೆ ಹಿಂತಿರುಗಿಸುತ್ತದೆ. ಹೀಗೆ ಬೇರೆ ತಾಣದ ಕೈಯಿಂದ ಮರಳಿ ಬರುವಾಗ ಹಳೆಯ ಚೀಟಿಯನ್ನು ತೋರಿಸಬೇಕೋ ಬೇಡವೋ ಎಂಬುದನ್ನು ‘ಸೇಮ್‌ಸೈಟ್’ ಎಂಬ ಗುರುತು ನಿರ್ಧರಿಸುತ್ತದೆ. ಮೋಸದ ತಾಣವೊಂದು ಜನರ ಚೀಟಿಯನ್ನು ಅವರಿಗೆ ತಿಳಿಯದಂತೆ ಬಳಸಿಕೊಳ್ಳಬಾರದೆಂಬ ಕಾರಣಕ್ಕೆ, 2020ರ ಫೆಬ್ರವರಿಯಲ್ಲಿ ಬಂದ ಕ್ರೋಮ್‌ನ 80ನೆಯ ಆವೃತ್ತಿಯಿಂದ, ಈ ಗುರುತಿಲ್ಲದ ಚೀಟಿಗಳನ್ನೂ ಬಿಗಿಯಾದ ಗುಂಪಿಗೆ ಸೇರಿಸುವ ಕ್ರಮ ಶುರುವಾಯಿತು. ಚೀಟಿ ಹುಟ್ಟಿದ ಮೊದಲ 2 ನಿಮಿಷಕ್ಕೆ ಮಾತ್ರ ಒಂದು ರಿಯಾಯಿತಿ ಉಳಿಯಿತು. ಲಾಗಿನ್ ಆಗಿ, ಅರ್ಜಿ ತುಂಬಿ, ಹಣ ಕಟ್ಟುವಷ್ಟರಲ್ಲಿ 2 ನಿಮಿಷ ಎಂದೋ ದಾಟಿರುತ್ತದೆ. ಹಳೆಯ ಮಾದರಿಯಲ್ಲೇ ಉಳಿದ ತಾಣಗಳು, ಹಣ ಕಟ್ಟಿ ಮರಳಿದವರನ್ನು ಅಪರಿಚಿತರೆಂದು ತಿಳಿದು ಲಾಗಿನ್ ಪುಟಕ್ಕೆ ತಳ್ಳಲು ಇದೂ ಒಂದು ಕಾರಣ. ಆ ವರ್ಷ ಕೊರೊನಾ ಹರಡಿದಾಗ, ಬ್ಯಾಂಕು, ದಿನಸಿ, ಸರಕಾರಿ ಸೇವೆ, ಆರೋಗ್ಯದ ತಾಣಗಳಿಗೆ ಧಕ್ಕೆಯಾಗದಿರಲೆಂದು ಗೂಗಲ್ ಈ ಬದಲಾವಣೆಯನ್ನು ಏಪ್ರಿಲ್‌ನಲ್ಲಿ ತಾತ್ಕಾಲಿಕವಾಗಿ ಹಿಂತೆಗೆದು ಜುಲೈನಲ್ಲಿ ಮತ್ತೆ ಜಾರಿಗೆ ತಂದಿತೆಂಬುದು, ಒಂದು ಚೀಟಿಯ ನಿಯಮ ಎಷ್ಟು ದೂರ ಮುಟ್ಟುತ್ತದೆಂಬುದನ್ನು ತೋರಿಸುತ್ತದೆ.

ಇಂಥ ಹೊತ್ತಿನಲ್ಲಿ ಮಾಡಬಾರದ ಕೆಲಸ ಇನ್ನೊಮ್ಮೆ ಹಣ ಕಟ್ಟುವುದು. ಬ್ರೌಸರ್ ಗುರುತು ಕಳೆದುಕೊಂಡ ಮಾತ್ರಕ್ಕೆ ಹಣದ ಲೆಕ್ಕ ಕಳೆದುಹೋಗುವುದಿಲ್ಲ, ಆ ಲೆಕ್ಕ ಬ್ಯಾಂಕಿನಲ್ಲೂ ಗೇಟ್‌ವೇಯಲ್ಲೂ ಉಲ್ಲೇಖ ಸಂಖ್ಯೆಯೊಂದಿಗೆ ದಾಖಲಾಗಿರುತ್ತದೆ. ಬ್ಯಾಂಕಿನ ಸಂದೇಶದಲ್ಲಿನ ಆ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಮತ್ತೆ ಲಾಗಿನ್ ಆಗಿ, ಪಾವತಿಯ ಸ್ಥಿತಿ ನೋಡುವ ಪುಟ ಇದ್ದರೆ ಅಲ್ಲಿ ವಿಚಾರಿಸಬೇಕು.

ಕುಕೀ ವಿಳಾಸಕ್ಕೆ ಅಂಟಿಕೊಂಡಿರುತ್ತದೆಂಬ ಮಾತಿಗೆ ಇತ್ತೀಚಿನ ಉದಾಹರಣೆ ಬ್ಯಾಂಕುಗಳದು. ಮೋಸದ ತಾಣಗಳನ್ನು ಗುರುತಿಸುವುದು ಸುಲಭವಾಗಲೆಂದು ಭಾರತದ ಬ್ಯಾಂಕುಗಳೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಸೂಚಿಸಿ, ಅಕ್ಟೋಬರ್ 31ರ ಗಡುವು ಹಾಕಿತು. ಅದೇ ವರ್ಷದ ಮೇ 1ರಂದು, ಧಾರವಾಡದಲ್ಲಿ ಪ್ರಧಾನ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಡನೆ ಒಂದಾದದ್ದರಿಂದ ಈ ಭಾಗದ ಗ್ರಾಹಕರಿಗೆ ಬ್ಯಾಂಕಿನ ಹೆಸರೇ ಹೊಸದಾಯಿತು. ವಿಳಾಸ ಬದಲಾದಾಗ ಹಳೆಯ ವಿಳಾಸದ ಚೀಟಿ ಹೊಸದರಲ್ಲಿ ನಡೆಯುವುದಿಲ್ಲ, ಹೊಸ ತಾಣ ಅದೇ ಗಣಕವನ್ನು ಹೊಸಬನಂತೆ ಕಂಡು ಓಟಿಪಿ ಕೇಳುತ್ತದೆ, ಉಳಿಸಿದ ಬುಕ್‌ಮಾರ್ಕ್ ಹಳೆಯ ಬಾಗಿಲಿಗೇ ಕರೆದೊಯ್ಯುತ್ತದೆ. ಇದು ತೊಡಕಿನಂತೆ ಕಂಡರೂ ಏರ್ಪಾಡು ಸರಿಯಾಗಿ ನಡೆಯುತ್ತಿರುವುದರ ಲಕ್ಷಣ. ಬುಕ್‌ಮಾರ್ಕ್ ಬದಲಿಸಿಕೊಂಡರೆ ಸಾಕು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಬಂದ ಕೊಂಡಿಯನ್ನು ಒತ್ತಿದಾಗ ಆ ಆ್ಯಪ್‌ನ ಒಳಗೇ ತೆರೆಯುವ ಪುಟಾಣಿ ಬ್ರೌಸರ್ ಕೂಡ ತನ್ನದೇ ಚೀಟಿ ಡಬ್ಬಿ ಇಟ್ಟುಕೊಂಡಿರುವುದರಿಂದ, ಕ್ರೋಮ್‌ನಲ್ಲಿ ಆದ ಲಾಗಿನ್ ಅಲ್ಲಿ ಕಾಣಿಸದು.

ಮೂರನೆಯವರ ಕುಕೀ ಎಂಬ ಪ್ರಭೇದದ ಬಗ್ಗೆ ಜಗತ್ತಿನಲ್ಲಿ ನಡೆದಿರುವ ಗದ್ದಲ ದೊಡ್ಡದು. ಗಿರಣಿಯ ಗೋಡೆಗೆ ಒರಗಿ ನಿಂತ ಜಾಹೀರಾತಿನ ಏಜೆಂಟನೊಬ್ಬ ಬಂದವರಿಗೆಲ್ಲ ತನ್ನದೂ ಒಂದು ಚೀಟಿ ಹಂಚಿ, ಮುಂದಿನ ಕಿರಾಣಿ ಅಂಗಡಿಯಲ್ಲೂ ಬಟ್ಟೆ ಅಂಗಡಿಯಲ್ಲೂ ಅದನ್ನು ನೋಡಿ, ಯಾರು ಎಲ್ಲೆಲ್ಲಿ ಹೋದರೆಂದು ಪಟ್ಟಿ ಮಾಡಿದಂತೆ ಅದರ ಕೆಲಸ. ಆಪಲ್‌ನ ಸಫಾರಿ 2020ರಲ್ಲಿ ಇವನ್ನು ಪೂರ್ತಿ ತಡೆಯಿತು, ಫೈರ್‌ಫಾಕ್ಸ್ 2022ರಲ್ಲಿ ತಾಣಕ್ಕೊಂದು ಡಬ್ಬಿಯೆಂದು ಬೇರ್ಪಡಿಸಿತು. ತಾನೂ ತೆಗೆದುಹಾಕುವೆನೆಂದು 2020ರಲ್ಲಿ ಸಾರಿದ ಗೂಗಲ್ ಗಡುವುಗಳನ್ನು ಮುಂದೂಡುತ್ತ ಬಂದು 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಅರ್ಜಿ ತುಂಬುವವರಿಗೆ ಇದರಿಂದ ಬೇಕಾದುದು ಇಷ್ಟು: ಮೂರನೆಯವರ ಕುಕೀಯನ್ನು ತಡೆದಿಟ್ಟರೆ ಬಹುಪಾಲು ತಾಣಗಳಿಗೆ ಏನೂ ಆಗುವುದಿಲ್ಲ. ಒಂದು ತಾಣದ ಒಳಗೆ ಇನ್ನೊಂದು ತಾಣದ ಲಾಗಿನ್ ಪೆಟ್ಟಿಗೆ ಹುದುಗಿದ್ದು ಅದು ಮಾತ್ರ ಖಾಲಿ ಕಾಣುತ್ತಿದ್ದರೆ, ಆ ತಾಣವೊಂದಕ್ಕೆ ಅನುಮತಿ ಕೊಟ್ಟು ನೋಡಬಹುದು. ಪರದೇಶದ ಕಾನೂನಿನ ಒತ್ತಾಯಕ್ಕೆ ಹುಟ್ಟಿ ಈಗ ಎಲ್ಲೆಡೆ ಎದುರಾಗುವ ‘ಎಲ್ಲ ಕುಕೀ ಒಪ್ಪಿ’ ಎಂಬ ಪಟ್ಟಿಯಲ್ಲಿ ನಿರಾಕರಿಸುವ ಗುಂಡಿ ಒತ್ತಿದರೂ ಲಾಗಿನ್‌ಗೆ ಬೇಕಾದ ಅಗತ್ಯ ಚೀಟಿ ಸಾಮಾನ್ಯವಾಗಿ ಉಳಿದೇ ಇರುತ್ತದೆ.

ಈವರೆಗೆ ಹೇಳಿದ ಉಪಾಯಗಳೆಲ್ಲ ಬ್ರೌಸರಿನ ಮುಂದೆ ಕುಳಿತವರ ಹೆಗಲ ಮೇಲೆ ಬೀಳುವಂಥವು, ಅದು ಪೂರ್ತಿ ನ್ಯಾಯವೇನಲ್ಲ. ಜಾಲತಾಣಗಳು ಎಲ್ಲರಿಗೂ ಎಟಕುವಂತಿರಬೇಕೆಂದು 2008ರಲ್ಲೇ ರೂಪುಗೊಂಡ ಡಬ್ಲ್ಯೂಸಿಎಜಿ 2.0 ಎಂಬ ಅಂತಾರಾಷ್ಟ್ರೀಯ ಮಾನದಂಡ, ಅವಧಿ ಮುಗಿಯುವ ಮುನ್ನ ಬಳಕೆದಾರರನ್ನು ಎಚ್ಚರಿಸಿ, ಒಂದು ಸರಳ ಒತ್ತಿನಿಂದ ಅವಧಿಯನ್ನು ಬೆಳೆಸಿಕೊಳ್ಳಲು ಕನಿಷ್ಠ 20 ಸೆಕೆಂಡ್ ಕೊಡುವುದನ್ನು ಒಂದು ಮಾರ್ಗವಾಗಿ ಸೂಚಿಸಿದೆ. ಭಾರತ ಸರಕಾರವು ತನ್ನ ಜಾಲತಾಣಗಳಿಗೆ ರೂಪಿಸಿರುವ ಮಾರ್ಗಸೂಚಿಯೂ ಇದೇ ಸಾಲಿನ ಮಾನದಂಡಗಳನ್ನು ಅನುಸರಿಸುತ್ತದೆ. ಅಂಥ ಎಚ್ಚರಿಕೆಯ ಪೆಟ್ಟಿಗೆಯೊಂದು ಹದಿನೆಂಟನೆಯ ನಿಮಿಷಕ್ಕೆ ತೆರೆಯ ಮೇಲೆ ಕಾಣಿಸಿಕೊಂಡರೆ, ಹೊಲದಲ್ಲಿರುವ ಮಗ ಆರನೆಯ ಅಂಕಿಯನ್ನು ಓದಿ ಮುಗಿಸುವವರೆಗೆ ತುಂಬಿದ ಅರ್ಜಿ ಹಾಗೆಯೇ ನಿಂತಿರುತ್ತದೆ.